ಎರಡೇ ನಾಳದ ಬಳ್ಳಿ

ಹೆರಿಗೆ ಕೋಣೆಯಲ್ಲಿ ಇಪ್ಪತ್ತೆರಡು ವರ್ಷ ಸವೆಸಿದ ದಾದಿಗೆ ಒಂದು ಅಭ್ಯಾಸವಿತ್ತು. ಮಗು ಅತ್ತು, ತಾಯಿ ನಕ್ಕು, ಎಲ್ಲರೂ ಉಸಿರು ಬಿಟ್ಟ ಮೇಲೆ ಅವಳು ಮಾಸನ್ನು ಬೋಗುಣಿಗೆ ಹಾಕಿಕೊಂಡು ದೀಪದಡಿ ನಿಲ್ಲುತ್ತಿದ್ದಳು. ಹೊಕ್ಕುಳ ಬಳ್ಳಿಯ ಕತ್ತರಿಸಿದ ತುದಿಯನ್ನು ಒರೆಸಿ ನೋಡಿದರೆ ಮೂರು ನಾಳ ಕಾಣಬೇಕು: ಮಗುವಿಗೆ ರಕ್ತ ತರುವ ಅಗಲ ಬಾಯಿಯದು ಒಂದು, ವಾಪಸು ಒಯ್ಯುವ ಸಣ್ಣವು ಎರಡು. ಆ ಬೆಳಿಗ್ಗೆ ಹುಟ್ಟಿದ ಹೆಣ್ಣುಮಗುವಿನ ಬಳ್ಳಿಯಲ್ಲಿ ಒಯ್ಯುವ ನಾಳ ಒಂದೇ ಇತ್ತು. ತುದಿಯಲ್ಲಿ ಒಂದು ನಾಳ ಕ್ಲಿಪ್ಪಿಗೆ ಸಿಕ್ಕಿ ಜಜ್ಜಿರಬಹುದೆಂದು, ಬಳ್ಳಿಯ ನಡುವೆ ಇನ್ನೊಮ್ಮೆ ಕತ್ತರಿಸಿದಳು. ಅಲ್ಲೂ ಅಷ್ಟೇ.

ಇಂಥ ಮಕ್ಕಳಲ್ಲಿ ಹೆಚ್ಚಿನವು ಗಟ್ಟಿಮುಟ್ಟಾಗಿಯೇ ಇರುತ್ತವೆ. ಕೆಲವಕ್ಕೆ ಮಾತ್ರ ಹೃದಯದಲ್ಲೋ ಕಿಡ್ನಿಯಲ್ಲೋ ತೊಂದರೆ. ಬಸುರಿನಲ್ಲಿ ಮಾಡಿದ ಸ್ಕ್ಯಾನಿನ ವರದಿಯಲ್ಲಿ ಬಳ್ಳಿಯ ಮಾತೇ ಇರಲಿಲ್ಲ. ಈಗಲಾದರೂ ನೋಡಬೇಕಲ್ಲ ಎಂದು ಅವಳು ಬೋಗುಣಿ ಹಿಡಿದು ಪಾಳಿಯ ಕಿರಿಯ ಡಾಕ್ಟರನ ಬಳಿ ಹೋದಳು.

ಅವನು ಬರೆಯುತ್ತಿದ್ದ ಕಾಗದದಿಂದ ತಲೆ ಎತ್ತಲಿಲ್ಲ. "ಕ್ಲಿಪ್ಪು ಹಾಕುವಾಗ ಒಂದು ಜಜ್ಜಿ ಹೋಗಿರುತ್ತೆ ಸಿಸ್ಟರ್. ಮಗು ಚೆನ್ನಾಗಿ ಅಳ್ತಿದೆಯಲ್ಲ, ಇನ್ನೇನು ಬೇಕು?"

"ಎರಡು ಕಡೆ ಕತ್ತರಿಸಿ ನೋಡಿದ್ದೀನಿ ಸಾರ್. ಒಂದ್ಸಲ ನೀವೇ ನೋಡಿ."

ಅವನು ನೋಡಲಿಲ್ಲ. ನಮೂನೆಯಲ್ಲಿ 'ಬಳ್ಳಿ: ಸರಿಯಿದೆ' ಎಂಬಲ್ಲಿ ಗುರುತು ಹಾಕಿ ಎದ್ದು ಹೋದ. ಅವಳಿಗೆ ಮೈಯೆಲ್ಲ ಉರಿಯಿತು. ನಮೂನೆಯ ಅಂಚಿನಲ್ಲಿ ತಾನು ಕಂಡದ್ದನ್ನು ಬರೆದು ಸಹಿ ಹಾಕಿದಳು. ಸ್ಕ್ಯಾನ್ ಕೋಣೆಗೆ ಹೋದರೆ ಡಾಕ್ಟರ ಸಹಿ ಬೇಕೆಂದರು. ಮಕ್ಕಳ ಡಾಕ್ಟರಮ್ಮ ಎರಡು ದಿನ ರಜೆ. ದೊಡ್ಡ ಡಾಕ್ಟರು ಸಭೆಯಲ್ಲಿದ್ದರು; ಸಭೆ ಮುಗಿದಾಗ ಹಿಂಬಾಗಿಲಿನಿಂದ ಹೊರಟುಹೋಗಿದ್ದರು. ಅಂಡು ಸುಟ್ಟ ಬೆಕ್ಕಿನ ಹಾಗೆ ಮೂರು ಮಹಡಿ ಓಡಾಡಿದ್ದಷ್ಟೇ ಬಂತು. ಸಂಜೆ ಮನೆಯಲ್ಲಿ ಸುಮ್ಮನೆ ಬಟ್ಟೆ ಮಡಿಸುತ್ತಿದ್ದ ಗಂಡನ ಮೇಲೆ ಹರಿಹಾಯ್ದಳು. ಪಾಪ, ಅವರು ಮಡಿಸಿದ ಬಟ್ಟೆಯನ್ನೇ ಮತ್ತೆ ಬಿಚ್ಚಿ ಮಡಿಸಿದರು.

ಮಾರನೆಯ ದಿನ ನೋಡಿದರೆ ಮಂಚದಲ್ಲಿ ಬೇರೆ ಬಾಣಂತಿ. ಹಾಸಿಗೆ ಸಾಲದೆಂದು ಆ ತಾಯಿಮಗುವನ್ನು ಬೆಳಿಗ್ಗೆಯೇ ಮನೆಗೆ ಕಳಿಸಿಬಿಟ್ಟಿದ್ದರು. ಕಡತದಿಂದ ನಂಬರು ಹುಡುಕಿ ಫೋನ್ ಮಾಡಿದಳು. ಎತ್ತಿಕೊಂಡ ಅಜ್ಜಿ, ಹಾಲು ಕುಡಿದು ತಣ್ಣಗೆ ಮಲಗಿರೋ ಕೂಸನ್ನ ಮತ್ತೆ ಆಸ್ಪತ್ರೆಗೆ ಎಳೆಯುವುದು ಯಾವ ನ್ಯಾಯ ಎಂದು ದಬಾಯಿಸಿ ಫೋನಿಟ್ಟರು. ಹಲ್ಲು ಕಚ್ಚಿಕೊಂಡು ಮಧ್ಯಾಹ್ನ ಮತ್ತೆ ಮಾಡಿದಳು. ಈ ಸಲ ತಾಯಿಯೇ ಸಿಕ್ಕಳು. ಎಲ್ಲವನ್ನೂ ಕೇಳಿಸಿಕೊಂಡಳು.

"ನಾನೇನಾದ್ರೂ ತಪ್ಪು ಮಾಡಿದ್ನಾ ಸಿಸ್ಟರ್?"

"ಇಲ್ಲಮ್ಮ. ಯಾರೂ ಮಾಡಿದ್ದಲ್ಲ. ಏನೂ ಇಲ್ಲದೆಯೂ ಇರಬಹುದು. ಆದರೆ ನೋಡದೆ ಬಿಡೋದು ಬೇಡ."

ರಜೆ ಮುಗಿಸಿ ಬಂದ ಡಾಕ್ಟರಮ್ಮ ಅಂಚಿನ ಬರಹ ಓದಿ, ಮರುಮಾತಿಲ್ಲದೆ ಸ್ಕ್ಯಾನಿಗೆ ಸಹಿ ಹಾಕಿದರು. ತಾಯಿ ಮಗುವನ್ನು ಕರೆತಂದು ತೋರಿಸಿದಳು. ಹೃದಯ ಚೆನ್ನಾಗಿತ್ತು. ಎಡ ಕಿಡ್ನಿ ಮಾತ್ರ ಊದಿಕೊಂಡಿತ್ತು. ಅಲ್ಲಿಂದ ಮೂತ್ರ ಇಳಿಯುವ ದಾರಿ ಇಕ್ಕಟ್ಟು. ಸೋಂಕಾಗದಂತೆ ಔಷಧಿ, ತಿಂಗಳಿಗೊಮ್ಮೆ ತಪಾಸಣೆ, ಬೇಕಾದರೆ ಮುಂದೆ ಆಪರೇಷನ್ ಎಂದರು. ಜೊತೆಗೆ ಬಂದಿದ್ದ ಅಜ್ಜಿ ದಾದಿಯ ಕಡೆ ನೋಡಲಾರದೆ ಮಗುವಿನ ಟೋಪಿ ಸರಿಮಾಡುತ್ತ ಕೂತರು.

ವಾರದ ಸಭೆಯಲ್ಲಿ ಕಿರಿಯ ಡಾಕ್ಟರ್ ಎದ್ದು ನಿಂತು, "ಹುಟ್ಟಿದಾಗಲೇ ಇದನ್ನ ಗಮನಿಸಿದ್ವಿ," ಎಂದ. ಆ ಬಹುವಚನ ಕೇಳಿ ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ. ನಮೂನೆಯಲ್ಲಿ ನಾಳಗಳ ಸಂಖ್ಯೆಗೆ ಜಾಗ ಕೊಡಿ ಎಂದು ಎದ್ದು ಕೇಳಿದಳು. ಹಳೆಯ ನಮೂನೆಗಳು ಇನ್ನೂ ನಾಲ್ಕು ಪೆಟ್ಟಿಗೆ ಉಳಿದಿವೆ, ಅವು ಮುಗಿಯಲಿ ನೋಡೋಣ ಎಂದರು ದೊಡ್ಡ ಡಾಕ್ಟರು.

ಮಗುವಿಗೆ ಏಳನೇ ತಿಂಗಳಲ್ಲಿ ಆಪರೇಷನ್ ಆಯಿತು. ಕಿಡ್ನಿ ಉಳಿಯಿತು. ಸುದ್ದಿ ಹೇಳಲು ಬಂದ ತಾಯಿ ಹೋಗುವ ಮುಂಚೆ ಕೇಳಿದಳು: "ನೀವಿಲ್ಲದ ದಿನ ಹುಟ್ಟೋ ಮಕ್ಕಳದ್ದು ಯಾರು ನೋಡ್ತಾರೆ ಸಿಸ್ಟರ್?"

ದಾದಿ ಮಗುವಿನ ಕೆನ್ನೆ ಸವರಿ, ಯಾರೋ ಕರೆಯುತ್ತಿದ್ದಾರೆಂದು ಸುಳ್ಳು ಹೇಳಿ ಒಳಗೆ ನಡೆದಳು.