ಸಾಹೇಬರ ಮಾತಿಗೆ ನಕ್ಕವರು

ಮೂವತ್ತೊಂದು ವರ್ಷ ಗಡಿಯಾಚೆ ಮರಾಠಿ ಸೀಮೆಯ ಆರಗದಲ್ಲಿ ಕನ್ನಡ ಶಾಲೆಯ ಮಕ್ಕಳಿಗೆ ಮಗ್ಗಿ ಹೇಳಿಸಿ ನನ್ನ ದನಿ ದೊಡ್ಡದಾಗಿದೆ. ನಿವೃತ್ತನಾದ ಮೇಲೂ ಸುತ್ತಮುತ್ತ ಯಾವ ಕಾರ್ಯಕ್ರಮವಿದ್ದರೂ ಮೈಕು ಈ ನೇಮಿನಾಥ ಮಾಸ್ತರನ ಕೈಗೇ ಬರುತ್ತದೆ. ನನಗೂ ಅದು ಬೇಕು, ಸುಳ್ಳು ಯಾಕೆ ಹೇಳಲಿ.

ಆರಗದಿಂದ ನಾಲ್ಕು ಕಿಲೋಮೀಟರ್ ಆಚೆ ಕುರಿಗಾರರ ವಸ್ತಿ ಇದೆ, ಹೆಚ್ಚೆಂದರೆ ಇಪ್ಪತ್ತು ಮನೆ. ಅಲ್ಲಿಯ ಗುರಲಿಂಗ ಕಾಕಾನ ಮೊಮ್ಮಗಳು ಕಾಜಲ ನನ್ನ ಕೈಯಲ್ಲಿ ಅಕ್ಷರ ಕಲಿತವಳು. ಈಗ ಮಿರಜಿನಲ್ಲಿ ನರ್ಸಿಂಗ್ ಓದುತ್ತಾಳೆ. ವಸ್ತಿಯಿಂದ ಅಷ್ಟು ದೂರ ಓದಲು ಹೋದ ಮೊದಲ ಹುಡುಗಿ ಅವಳೇ. ದೀಪಾವಳಿ ಮುಗಿದರೆ ಅಪ್ಪ ಅವ್ವ ಕುರಿ ಹೊಡೆದುಕೊಂಡು ಕೊಂಕಣದ ಕಡೆ ಹೋಗುತ್ತಾರೆ, ಮಳೆಗಾಲಕ್ಕೇ ತಿರುಗಿ ಬರುವುದು. ಅಲ್ಲಿಯವರೆಗೆ ಮನೆಯಲ್ಲಿ ಅಜ್ಜ, ಅಜ್ಜಿ ಹಣಮವ್ವ ಮತ್ತು ಕಾಜಲ.

ಕಳೆದ ಮಳೆಗೆ ವಸ್ತಿಯ ರಸ್ತೆ ಕಿತ್ತುಹೋಗಿ ಬೆಳಗಿನ ಬಸ್ಸು ನಿಂತಿತು. ರಸ್ತೆ ರಿಪೇರಿಯಾಯಿತು, ಬಸ್ಸು ಮಾತ್ರ ಬರಲಿಲ್ಲ. ಆರೂವರೆಯೊಳಗೆ ಆರಗದ ಸ್ಟ್ಯಾಂಡು ಮುಟ್ಟಿ ಮಿರಜಿನ ಬಸ್ಸು ಹಿಡಿಯದಿದ್ದರೆ ಕಾಜಲಳಿಗೆ ಕಾಲೇಜು ತಪ್ಪುತ್ತದೆ. ಹಾಜರಿ ಕಡಿಮೆಯಾದರೆ ಪರೀಕ್ಷೆಗೆ ಕೂರಿಸುವುದಿಲ್ಲ. ಹಾಗಾಗಿ ಅವಳು ಬೆಳಕು ಹರಿಯುವ ಮೊದಲೇ ನಡೆಯತೊಡಗಿದಳು. ದಾರಿಯ ಎರಡೂ ಬದಿಗೆ ಆಳೆತ್ತರ ಮೀರಿದ ಕಬ್ಬು. ಒಂದು ಬೆಳಿಗ್ಗೆ ಕಬ್ಬಿನೊಳಗೆ ಯಾರೋ ಕೆಮ್ಮಿದರು, ಹೊರಗೆ ಬರಲಿಲ್ಲ. ಕಾಜಲ ಸ್ಟ್ಯಾಂಡಿನವರೆಗೂ ಓಡಿದಳು. ಇದು ಕಿವಿಗೆ ಬಿದ್ದೊಡನೆ ಹಣಮವ್ವ ಇನ್ನು ಕಾಲೇಜು ಸಾಕು ಅಂದಳು.

ಆಗ ಗುರಲಿಂಗ ಕಾಕಾನಿಗೆ ಒಂದು ಉಪಾಯ ಹೊಳೆಯಿತು. ಚುನಾವಣೆಯ ಪ್ರಚಾರಕ್ಕೆ ನಮ್ಮ ಶಾಸಕ ಸಾಹೇಬರು ವಸ್ತಿಗೆ ಬರುವವರಿದ್ದರು. ಹಣಮವ್ವ ನಾಲ್ಕು ತಿಂಗಳು ಉಣ್ಣೆ ನೂತು ನೇಯಿಸಿದ ಕರಿ ಕಂಬಳಿ ಮನೆಯಲ್ಲಿತ್ತು. ಅದನ್ನು ಸಾಹೇಬರಿಗೆ ಹೊದಿಸಿ, ಹಣೆಗೆ ದೇವರ ಅರಿಷಿಣ ಹಚ್ಚಿ, ಬಸ್ಸು ಕೇಳುವುದು. ಕುರಿಗಾರರಲ್ಲಿ ಕಂಬಳಿ ಮುಟ್ಟಿದವನು ಮಾತು ಕೊಟ್ಟ ಹಾಗೆಯೇ; ತಪ್ಪಿದರೆ ದೇವರು ಸುಮ್ಮನೆ ಬಿಡುವುದಿಲ್ಲ. ಬಸ್ಸು ಬಂತೆಂದೇ ತಿಳಿ ಎಂದು ಕಾಕಾ ಮೊಮ್ಮಗಳಿಗೆ ಮುಂಚೆಯೇ ಹೇಳಿಬಿಟ್ಟ. ಇಂಥ ಹತ್ತಾರು ಸನ್ಮಾನಗಳಿಗೆ ಮೈಕು ಹಿಡಿದ ನನಗೆ ಗೊತ್ತಿತ್ತು, ಸಾಹೇಬರಿಗೆ ಕಂಬಳಿ ಎಂದರೆ ಒಂದು ಫೋಟೋ ಅಷ್ಟೇ ಎಂದು. ಮುದುಕನ ಮುಖ ನೋಡಿ ಹೇಳಲಾಗಲಿಲ್ಲ.

ಸಾಹೇಬರು ಎರಡು ತಾಸು ತಡವಾಗಿ ಬಂದರು. ಕಾಕಾ ಕಂಬಳಿ ಹೊದಿಸಿದ, ಅರಿಷಿಣ ಹಚ್ಚಿದ, ಕೈ ಮುಗಿದು ಬಸ್ಸಿನ ಮಾತೆತ್ತಿದ. ಸಾಹೇಬರು ಫೋನು ನೋಡುತ್ತಲೇ ಕೇಳಿಸಿಕೊಂಡು, ನಾನು ಹಿಡಿದಿದ್ದ ಮೈಕಿಗೆ ಬಾಗಿ ಮರಾಠಿಯಲ್ಲಿ ಅಂದರು: ದಿನಕ್ಕೆ ನಾಲ್ಕು ಹರದಾರಿ ಕುರಿ ಹಿಂದೆ ತಿರುಗುವ ಜನ ನೀವು, ನಿಮ್ಮ ಹುಡುಗಿಯರಿಗೆ ಬಸ್ಸು ಯಾಕೆ ಬೇಕು? ಹುಟ್ಟುತ್ತಲೇ ನಡೆಯಲು ಕಲಿತಿರುತ್ತಾರಲ್ಲ.

ಕೆಟ್ಟ ಮನಸ್ಸಿನಿಂದ ಆಡಿದ ಮಾತಲ್ಲ. ಕೆಟ್ಟ ಮನಸ್ಸಿದ್ದಿದ್ದರೆ ಆ ಹುಡುಗಿಯ ಬಗ್ಗೆ ಒಂದು ಗಳಿಗೆಯಾದರೂ ಯೋಚಿಸಿದಂತಾಗುತ್ತಿತ್ತು. ನೊಣ ಓಡಿಸಿದ ಹಾಗೆ ಅಂದುಬಿಟ್ಟರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಮಕ್ಕಳಿಂದ ಹಲಗೆ ತುಂಬ ಬರೆಸಿದವನು ನಾನು. ಆ ಮಾತು ಹೋಗಿ ಹುಡುಗಿಗೆ ಬಡಿಯುವಾಗ ಮೈಕು ಹಿಡಿದು ನಿಂತಿದ್ದವನೂ ನಾನೇ.

ಜನ ನಕ್ಕರು. ನಮ್ಮ ಕಡೆ ದೊಡ್ಡವರು ಚೇಷ್ಟೆ ಮಾಡಿದರೆ ನಗಬೇಕು, ಹತ್ತಿರ ನಿಂತವನು ಎಲ್ಲರಿಗಿಂತ ಮೊದಲು ನಗಬೇಕು. ಗುರಲಿಂಗ ಕಾಕಾ ಮೊದಲು ನಕ್ಕ. ನಾನೂ ನಕ್ಕೆ. ಹೆಂಗಸರ ಸಾಲಿನ ಕೊನೆಗೆ ನಿಂತಿದ್ದ ಕಾಜಲ ಅಜ್ಜನನ್ನು ಒಂದು ಸಲ ನೋಡಿ ಮನೆಗೆ ಹೋದಳು.

ಮೂರು ದಿನ ಅವಳು ಕಾಲೇಜಿಗೆ ಹೋಗಲಿಲ್ಲ, ಅಜ್ಜನ ಜೊತೆ ಮಾತೂ ಆಡಲಿಲ್ಲ ಎಂದು ಕೇಳಿದೆ. ನಾಲ್ಕನೆಯ ಬೆಳಿಗ್ಗೆ ನಾನು ಸ್ಟ್ಯಾಂಡಿನ ಹೋಟೆಲಿನಲ್ಲಿ ಚಹಾ ಕುಡಿಯುತ್ತಿದ್ದಾಗ ಇಬ್ಬರೂ ಬರುವುದು ಕಂಡಿತು. ಕಾಕಾ ಕೋಲೂರಿಕೊಂಡು ಕುಂಟುತ್ತಿದ್ದ. ಮೊಮ್ಮಗಳನ್ನು ಬಸ್ಸಿಗೆ ಹತ್ತಿಸಿ, ಬಸ್ಸು ಮರೆಯಾಗುವವರೆಗೆ ನಿಂತು, ನನ್ನ ಪಕ್ಕ ಬಂದು ಕುಳಿತ. ಮೊಣಕಾಲು ಊದಿ ಗಡಿಗೆಯಾಗಿತ್ತು. ಪರೀಕ್ಷೆಗೆ ಇನ್ನೂ ನಾಲ್ಕು ತಿಂಗಳು. ಸಾಹೇಬರಿಗೆ ಇನ್ನೊಮ್ಮೆ ಹೇಳಿ ನೋಡೋಣ ಅಂದೆ. ಬೇಡವೆಂದು ಕೈಯಾಡಿಸಿದ.

“ಸಾಹೇಬ ಅಂದದ್ದು ನನ್ನ ಮನಸಿಗೆ ಹತ್ತಿಲ್ರಿ ಮಾಸ್ತರ್ರ. ಅವರಿಗೆ ಮಂದಿ ಬಾಳ. ನನಗ ಇರಾಕಿ ಇವಳೊಬ್ಬಾಕಿ. ನಾ ಯಾಕ ನಕ್ಕೆ?”

ದಾರಿಯಲ್ಲಿ ಅದನ್ನೇ ಅವಳಿಗೂ ಹೇಳಿದನಂತೆ. ಕಾಲುವೆ ದಾಟುವಾಗ ಅವಳು ಅವನ ರಟ್ಟೆ ಹಿಡಿದುಕೊಂಡಳಂತೆ. ಹೇಳುತ್ತ ಹೇಳುತ್ತ ಕಾಕಾನ ಕಣ್ಣು ತುಂಬಿತು. ನನಗೂ ತಡೆಯಲಾಗಲಿಲ್ಲ.

ಮರುದಿನ ಐದೂವರೆಗೆ ನನ್ನ ಹಳೆಯ ಸ್ಕೂಟರು ತೆಗೆದುಕೊಂಡು ವಸ್ತಿಗೆ ಹೋದೆ. ಕಾಕಾ ಕೋಲು ಹಿಡಿದು ಹೊರಟು ನಿಂತಿದ್ದ. ಹಣಮವ್ವ ನನ್ನನ್ನೂ ಗಾಡಿಯನ್ನೂ ನೋಡಿ, ಸಾವಕಾಶ ಹೋಗಿರಿ ಅಂದಳು. ಕಾಜಲ ಹಿಂದೆ ಕುಳಿತಳು. ಕಬ್ಬಿನ ದಾರಿಗೆ ಬಂದಾಗ ನಾನೇ ಬಾಯಿಬಿಟ್ಟೆ.

“ನಾನೂ ನಕ್ಕಿದ್ದೆ, ಕಾಜಲ.”

“ಗೊತ್ತೈತ್ರಿ ಸರ್. ಮೈಕಿನ್ಯಾಗ ನಿಮ್ಮದ ಕೇಳತಿತ್ತು.”

ಸ್ಟ್ಯಾಂಡಿನಲ್ಲಿ ಅವಳು ಇಳಿದು ಎರಡು ಹೆಜ್ಜೆ ಹೋಗಿ ತಿರುಗಿದಳು.

“ನಾಳಿಗೂ ಬರತೀರೇನ್ರಿ ಸರ್?”

ಬರುತ್ತೇನೆ ಅಂದೆ. ಪರೀಕ್ಷೆ ಮುಗಿಯುವವರೆಗೂ ಬರುತ್ತೇನೆ ಅಂದೆ. ಅವಳು ತಲೆಯಾಡಿಸಿ ಬಸ್ಸು ಹತ್ತಿದಳು.

ಮರುದಿನ ಹತ್ತು ನಿಮಿಷ ಮೊದಲೇ ಹೊರಟೆ. ವಸ್ತಿ ಇನ್ನೂ ದೂರವಿತ್ತು, ಕಬ್ಬಿನ ನಡುವೆ ಗಾಡಿಯ ಬೆಳಕಿಗೆ ಇಬ್ಬರು ಕಂಡರು: ಕೋಲೂರಿಕೊಂಡು ಕುಂಟುವ ಕಾಕಾ, ಅವನ ರಟ್ಟೆ ಹಿಡಿದ ಕಾಜಲ. ನನ್ನ ಮಾತು ನೆಚ್ಚಿ ಅವರು ಕಾಯ್ದಿರಲಿಲ್ಲ. ಇನ್ನೂ ಬೇಗ ಹೊರಟು ನಡೆಯುತ್ತ ಬಂದಿದ್ದರು, ಅರ್ಧ ದಾರಿ ಮುಗಿಸಿದ್ದರು.

“ಬಂದ್ರೇನ್ರಿ ಮಾಸ್ತರ್ರ?” ಎಂದು ಕಾಕಾ ನಿಜವಾಗಿಯೂ ಆಶ್ಚರ್ಯಪಟ್ಟು ಕೇಳಿದ.

ನಾನು ಗಾಡಿ ತಿರುಗಿಸಿ ನಿಲ್ಲಿಸಿದೆ.