ಎಡಗೈ ಪಿಚರ್ ಮತ್ತು ಬನಶಂಕರಿಯ ಹೂವು

ನೀಲಕಂಠಪ್ಪನವರ ಬಾಯಿ ಕಟ್ಟುವ ಕೆಲಸ ಡಲ್ಲಾಸ್ ಪಕ್ಕದ ಅಲೆನ್‌ನಲ್ಲಿ ಕಾರು ಹತ್ತುವಾಗಲೇ ಶುರುವಾಗಿತ್ತು.

"ಇವತ್ತ ಆ ಚೆಂಡು ಒಗಿಯೂ ಪಿಚರ್ ಸುದ್ದಿ ತಗದ್ರ ನನ್ನಾಣಿ ಐತಿ ನೋಡ್ರಿ," ಎಂದರು ಹೆಂಡತಿ ಸುಮಿತ್ರವ್ವ.

"ಪ್ಲೀಸ್ ಅಪ್ಪಾ, ನೋ ಬೇಸ್‌ಬಾಲ್," ಎಂದಳು ಹಿಂದಿನ ಸೀಟಿನಿಂದ ಮಗಳು ಶೀತಲ್.

ಅವಳು ಮೆಚ್ಚಿದ ಹುಡುಗ ಅಮರ್ ಹ್ಯೂಸ್ಟನ್ ಕಡೆಯ ಕ್ಲಿಯರ್ ಲೇಕ್‌ನವನು. ಮದುವೆ ಮಾತುಕತೆಗೆ ಇಬ್ಬರಿಗೂ ಅನುಕೂಲವೆಂದು ಆಸ್ಟಿನ್‌ನಲ್ಲಿದ್ದ ಸುಮಿತ್ರವ್ವನ ತಂಗಿ ಪ್ರಭಾಳ ಮನೆ ಗೊತ್ತುಮಾಡಿದ್ದರು. ನೀಲಕಂಠಪ್ಪ ಆಣೆ ಮಾಡಿದರು. ಪಾಪ, ಮನಸಾರೆ ಮಾಡಿದರು.

ಆದರೆ ಹುಡುಗನ ತಂದೆ ಸಿದ್ಧಾರೂಢರು ಹ್ಯೂಸ್ಟನ್ ತಂಡದ ಟೋಪಿ ಹಾಕಿಕೊಂಡೇ ಒಳಗೆ ಬಂದರು. ಡಲ್ಲಾಸ್, ಹ್ಯೂಸ್ಟನ್ ಎರಡೂ ಊರಿನ ತಂಡಗಳು ಒಂದೇ ಲೀಗಿಗೆ ಬಂದು ಎರಡು ಮೂರು ವರ್ಷವಾಗಿತ್ತಷ್ಟೆ. ಆ ಸಲದ ಶ್ರೇಷ್ಠ ಪಿಚರ್ ಬಹುಮಾನ ಹ್ಯೂಸ್ಟನ್ನಿನ ಎಡಗೈಯವನಿಗೋ ಡಲ್ಲಾಸಿನ ಬಲಗೈಯವನಿಗೋ ಎಂಬುದೇ ಎಲ್ಲೆಡೆ ಮಾತು. ಧಾರವಾಡದ ಕಾಲೇಜಿನಲ್ಲಿ ಆಫ್ ಸ್ಪಿನ್ ಹಾಕಿದ್ದ ನೀಲಕಂಠಪ್ಪನವರಿಗೆ ಚೆಂಡಿನ ವಿಷಯದಲ್ಲಿ ತಮ್ಮದೇ ಕೊನೆಯ ಮಾತಾಗಬೇಕು. ಟೋಪಿ ಕಂಡದ್ದೇ ತಡ, ಆಣೆ ಗಾಳಿಗೆ ಹೋಯಿತು.

"ನಮ್ಮಾಂವನ ಚೆಂಡು ಬ್ಯಾಟಿಗೇ ತಾಗೂದಿಲ್ರಿ," ಎಂದರು.

"ತಾಗಿದಾಗ ಸೀದಾ ಪಾರ್ಕಿಂಗ್ ಲಾಟಿಗೆ ಹೋಗ್ತೈತಲ್ರಿ," ಎಂದರು ಸಿದ್ಧಾರೂಢರು. "ನಮ್ಮಾಂವ ರನ್ನ ಕೊಡೂದಿಲ್ಲ."

"ಕ್ಯಾಚ್ ಹಿಡಿಯೋರು ಬ್ಯಾರೆಯವರು. ಬಹುಮಾನ ಅವರಿಗೆ ಕೊಡ್ರಿ ಹಂಗಾರ."

ನಗುನಗುತ್ತಲೇ ಶುರುವಾದದ್ದು, ಗಿರಮಿಟ್ಟಿನ ತಟ್ಟೆ ಖಾಲಿಯಾಗುವ ಹೊತ್ತಿಗೆ ನಗುವಿನಲ್ಲಿ ಉಳಿದಿರಲಿಲ್ಲ. "ನಿಮಗ ಬೇಸ್‌ಬಾಲ್ ತಿಳಿಯೂದಿಲ್ಲ ಬಿಡ್ರಿ," ಎಂದುಬಿಟ್ಟರು ನೀಲಕಂಠಪ್ಪ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

"ಹೆಣ್ಣು ಕೊಡೂಕಿಂತ ಮೊದಲ ಹಿಂಗಂದ್ರ, ಕೊಟ್ಟಮ್ಯಾಲ ಹೆಂಗ್ರಿ?" ಎಂದರು ಸಿದ್ಧಾರೂಢರು, ಚಹದ ಕಪ್ಪನ್ನು ದೂರ ಸರಿಸಿ.

ಪ್ರಭಾ ಚುರುಕಿನ ಹೆಂಗಸು. "ಮೊದಲ ದೇವಿ ಅಪ್ಪಣಿ ಕೇಳೂಣು ಬರ್ರಿ," ಎಂದು ಎಲ್ಲರನ್ನೂ ದೇವರ ಮುಂದೆ ನಿಲ್ಲಿಸಿದಳು. ಬನಶಂಕರಿಯ ಬೆಳ್ಳಿ ಮುಖದ ಎರಡೂ ಬದಿಗೆ ಒದ್ದೆ ಸೇವಂತಿಗೆಯ ಎಸಳು ಅಂಟಿಸಿದಳು. ಹೆಣ್ಣಿನ ತಂದೆ ಮನಸ್ಸಿನಲ್ಲೇ ಕೇಳಿಕೊಳ್ಳಬೇಕು. ಬಲಗಡೆಯದು ಮೊದಲು ಬಿದ್ದರೆ ದೇವಿ ಒಪ್ಪಿದಂತೆ. ಎಡಕ್ಕೆ ಬಿದ್ದ ಸಂಬಂಧವನ್ನು ಸಿದ್ಧಾರೂಢರ ಮನೆತನ ಯಾವತ್ತೂ ಮುಂದುವರಿಸಿದ್ದಿಲ್ಲ.

ತಾಯಿ, ನನ್ನ ಬಾಯಿಂದ ಮಗಳ ಬಾಳು ಕೆಡದಿರಲಿ ಎಂದು ನೀಲಕಂಠಪ್ಪ ಕೈ ಮುಗಿದರು. ಎಡಗಡೆಯ ಎಸಳು ಜಾರಿ ಬಿತ್ತು.

ಅಮರ್ ನೆತ್ತಿಯ ಮೇಲೆ ಗಾಳಿ ಬೀಸುತ್ತಿದ್ದ ಏಸಿ ಕಿಂಡಿಯನ್ನು ನೋಡಿದ. ಆದರೆ ಅವನ ಇಂಜಿನಿಯರ್ ಬುದ್ಧಿ ಅಪ್ಪನ ಮುಂದೆ ನಡೆಯುವಂಥದ್ದಲ್ಲ. ಶೀತಲ್‌ಳ ಕಣ್ಣು ತುಂಬಿತು. ಸಿದ್ಧಾರೂಢರು ಕೈಯಲ್ಲಿದ್ದ ಟೋಪಿಯನ್ನು ತಲೆಗೇರಿಸಿ ಬಾಗಿಲ ಕಡೆ ತಿರುಗಿದರು. ನೀಲಕಂಠಪ್ಪ ಅಡ್ಡ ಬಂದು ನಿಂತರು.

"ನಾ ಸೋತೆ ನೋಡ್ರಿ, ಬೀಗರ," ಎಂದರು. "ಲಗ್ನದ್ದು ನಾ ಇನ್ನೂ ಕೇಳೇ ಇಲ್ಲ. ಬಹುಮಾನ ಎಡಗೈಯಾಂವಗೋ ಬಲಗೈಯಾಂವಗೋ ಅಂತ ಕೇಳಿದ್ನಿ. ತಾಯಿ ನಿಮ್ಮಾಂವನ್ನ ಆರಿಸಿದಳು."

ಸಿದ್ಧಾರೂಢರು ಬಿದ್ದ ಎಸಳನ್ನು ನೋಡಿದರು, ನೀಲಕಂಠಪ್ಪನವರನ್ನು ನೋಡಿದರು. ಆಮೇಲೆ ಹೊಟ್ಟೆ ಕುಣಿಯುವಂತೆ ನಕ್ಕರು. "ದೇವಿಗಾದ್ರೂ ಬೇಸ್‌ಬಾಲ್ ತಿಳೀತೈತಲ್ಲ. ಈಗ ಲಗ್ನದ್ದು ಕೇಳ್ರಿ."

ಈ ಸಲ ಬಲಗಡೆಯ ಎಸಳು ಬಿತ್ತು. ನಡುವೆ ಏಸಿ ಬಂದ್ ಮಾಡಿದ್ದು ಪ್ರಭಾಳೋ ಅಮರನೋ, ಯಾರೂ ವಿಚಾರಿಸಲಿಲ್ಲ. ಎಲ್ಲರ ಬಾಯಿಗೂ ಸಕ್ಕರೆ ಬಿತ್ತು.

ವಾಪಸು ಬರುವಾಗ ಸುಮಿತ್ರವ್ವ ಮೆಲ್ಲಗೆ, "ದೇವರ ಮುಂದ ಸುಳ್ಳ ಹೇಳಿದ್ರಿ. ತಪ್ಪುಗಾಣಿಕಿ ಹಾಕ್ರಿ," ಎಂದರು.

"ಹಾಕ್ತೀನಿ," ಎಂದರು ನೀಲಕಂಠಪ್ಪ. ಮಗಳ ಲಗ್ನ ಕೂಡಿದ ಸಂತೋಷ ಎದೆ ತುಂಬಾ ಇತ್ತು. ಆದರೂ ವರ್ಷವಿಡೀ ಹೊತ್ತು ಮೆರೆಸಿದ ಬಲಗೈಯವನನ್ನು ತಾವೇ ಬಿಟ್ಟುಕೊಟ್ಟೆವಲ್ಲ ಎಂದು ಒಂಚೂರು ನೋಯುತ್ತಿತ್ತು.

ಹಿಂದಿನಿಂದ ಶೀತಲ್ ಅವರ ಭುಜದ ಮೇಲೆ ಕೈಯಿಟ್ಟಳು. ಏನು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರ ಕೊಡುವ ಹುಡುಗಿ, "ಅಪ್ಪಾ, ನಿಮ್ಮ ಬಲಗೈಯಾಂವನೇ ಛಲೋ," ಎಂದಳು.

"ಖರೇ ಐತಿ," ಎಂದರು ನೀಲಕಂಠಪ್ಪ, ಕಣ್ಣೊರೆಸಿಕೊಂಡು. "ಆದ್ರ ಲಗ್ನದಾಗ ಅಕ್ಕಿಕಾಳು ಬೀಳೂತನಕ ನಿಮ್ಮ ಮಾವಗ ಹೇಳಬ್ಯಾಡವಾ."