ಗುಲಾಬಿ ನಳಿಕೆ

"ಇವತ್ತು ಇದನ್ನ ಕಿಟಕಿಗೆ ಇಡೋರು ಯಾರು?"

ಕೇಳಿದ್ದು ಯಾರನ್ನೂ ಅಲ್ಲ. ಅಡುಗೆಮನೆಯ ಕಪಾಟಿನಿಂದ ಗಾಜಿನ ನಳಿಕೆಯನ್ನು ತೆಗೆದು, ಸುತ್ತಿದ ಕಪ್ಪು ಬಟ್ಟೆ ಬಿಚ್ಚಿ, ಅವಳು ಹಾಗೇ ನಿಂತಿದ್ದಳು. ಹೊರಕೋಣೆಯಲ್ಲಿ ಗಂಡ, ಮುಖದ ಮೇಲೂ ಎಳೆದ ಬಿಳಿ ಹೊದಿಕೆಯ ಕೆಳಗೆ ಮಲಗಿದ್ದ. ಬೆಳಿಗ್ಗೆ ನಳಿಕೆಯನ್ನು ಬೆಳಕಿಗಿಡುವುದು, ಸಂಜೆ ಬಟ್ಟೆ ಸುತ್ತಿ ಕತ್ತಲೆಗೆ ಸೇರಿಸುವುದು ಅವನ ಕೆಲಸ. ಅವನು ಹಾಸಿಗೆ ಹಿಡಿದ ಮೇಲೆ ಅದು ಇವಳ ತಲೆಗೆ ಬಂದಿತ್ತು.

"ನಿನ್ನ ಸವತೀನ ಇವತ್ತಾದ್ರೂ ಬಿಡೇ," ಎಂದಳು ಗಂಡನ ಅಕ್ಕ, ಬಾಗಿಲಲ್ಲಿ ಮೂಗೊರೆಸಿಕೊಳ್ಳುತ್ತ. "ನನ್ನ ತಮ್ಮ ನಿನ್ನ ಮುಖಕ್ಕಿಂತ ಅದರ ಮುಖ ನೋಡಿದ್ದೇ ಹೆಚ್ಚು."

"ಅದು ಜಗಳ ಆಡ್ತಿರಲಿಲ್ವಲ್ಲ ಅತ್ತಿಗೆ."

ಇಬ್ಬರಿಗೂ ನಗು ಬಂತು. ಅರ್ಧ ದಾರಿಯಲ್ಲೇ ಅಳುವಾಯಿತು. ಅವಳು ನಳಿಕೆಯನ್ನು ಕಿಟಕಿಗೆ ಇಡಲಿಲ್ಲ, ಮುಷ್ಟಿಯಲ್ಲೇ ಇಟ್ಟುಕೊಂಡಳು.

ಬೀದಿಯಲ್ಲಿ ಕಾರು ನಿಂತಿತು. ಇಳಿದವಳು ಪ್ರಯೋಗಾಲಯದ ಈಗಿನ ಮುಖ್ಯಸ್ಥೆ, ಒಂದು ಕಾಲದಲ್ಲಿ ಅವನ ಹತ್ತಿರವೇ ಕೆಲಸ ಕಲಿತವಳು. ಕೈಯಲ್ಲಿ ಹೂವಿರಲಿಲ್ಲ. ಔಷಧಿ ಒಯ್ಯುವಂಥ ತಣ್ಣನೆಯ ಡಬ್ಬಿ ಇತ್ತು.

*

ಮದುವೆಯಾದ ಹೊಸತರಲ್ಲಿ ಅವನು ಪ್ರಯೋಗಾಲಯದಲ್ಲಿ ಒಂದು ಗಾಜಿನ ತಟ್ಟೆಯ ತುಂಬ ಗುಲಾಬಿ ಚುಕ್ಕೆಗಳನ್ನು ತೋರಿಸಿದ್ದ.

"ಇವು ಕಡಲಿನ ಬ್ಯಾಕ್ಟೀರಿಯಾ ಇವಳೇ. ಎಲೆಯಲ್ಲ, ಪಾಚಿಯಲ್ಲ, ಆದ್ರೂ ಬೆಳಕು ಹಿಡೀತವೆ. ಊಟ ಸಾಲದಾಗ ಬಿಸಿಲಿಂದಲೇ ಅಷ್ಟಿಷ್ಟು ಜೀವ ಹಿಡ್ಕೊಳ್ತವೆ. ಅದಕ್ಕೆ ಬೇಕಾದ ಜೀನುಗಳೆಲ್ಲ ಒಂದೇ ಕಡೆ ಸಾಲಾಗಿ ಕೂತಿರ್ತವೆ. ಈ ಗುಲಾಬಿ ಬಣ್ಣಾನೂ ಅವುಗಳದ್ದೇ."

"ಹೊಟ್ಟೆ ತುಂಬಿದ್ರೆ?"

"ಆಗ ಬೆಳಕಿನ ಹಂಗ್ಯಾಕೆ?"

ಹಳೆಯ ತಟ್ಟೆಯಿಂದ ಹೊಸದಕ್ಕೆ ದಾಟಿಸುವಾಗಲೆಲ್ಲ ಅವನು ದುಂಡಗೆ ಕೊಬ್ಬಿದ ಚುಕ್ಕೆಯನ್ನೇ ಆರಿಸುತ್ತಿದ್ದ. ಗಟ್ಟಿಮುಟ್ಟಾಗಿದೆ ಎಂಬ ಅಕ್ಕರೆ. ಆದರೆ ಕೊಬ್ಬಿದವು ಆ ಜೀನುಗಳ ಹೊರೆಯನ್ನು ಇಳಿಸಿ ಹಗುರಾದವು. ನೋಡನೋಡುತ್ತ ತಟ್ಟೆಗಳೆಲ್ಲ ಬೆಳ್ಳಗಾದವು. ವರ್ಷಗಳ ದುಡಿಮೆ ನೀರುಪಾಲಾಯಿತು.

"ಗೋಡೆಗೆ ಸುಣ್ಣ ಹೊಡಿಯೋಕೆ ಹೋಗಯ್ಯಾ, ಬಿಳಿ ಮಾಡೋದು ನಿನಗೆ ಚೆನ್ನಾಗಿ ಬರುತ್ತೆ," ಎಂದಿದ್ದ ಅಂದಿನ ಮುಖ್ಯಸ್ಥ. ಎಲ್ಲರೂ ನಕ್ಕಿದ್ದರು. ಅವನನ್ನು ಸಾಮಾನು ಕೋಣೆಗೆ ಹಾಕಿದರು. ಅಲ್ಲೇ, ಎಸೆಯಲು ಇಟ್ಟ ತಟ್ಟೆಯೊಂದರ ಅಂಚಿನಲ್ಲಿ, ಬಡಕಲು ಗುಲಾಬಿ ಚುಕ್ಕೆಯೊಂದು ಅವನ ಕಣ್ಣಿಗೆ ಬಿತ್ತು. ಮನೆಗೆ ತಂದ. ಸಾಯುವವರೆಗೂ ಸಾಕಿದ.

"ನೋಡ್ತಿರು, ಒಂದಲ್ಲ ಒಂದಿನ ಕೇಳ್ಕೊಂಡು ಬರ್ತಾರೆ."

*

"ಈ ಹೊತ್ತಲ್ಲಿ ಕೇಳಬಾರದು ಅಮ್ಮಾ," ಮುಖ್ಯಸ್ಥೆ ಕುರ್ಚಿಯ ಅಂಚಿಗೆ ಕೂತಳು. "ಆದ್ರೆ ಆ ತಳಿ ಬೇರೆಲ್ಲೂ ಉಳಿದಿಲ್ಲ. ಕೊಟ್ರೆ ಅವರ ಹೆಸರಲ್ಲೇ ಕಾಪಾಡ್ತೀವಿ. ಮೊನ್ನೆ ಫೋನಲ್ಲಿ ಅವರೇ ಹೇಳಿದ್ರು, ಬಣ್ಣ ಹಾಗೇ ಇದೆ, ಮನೆಯವಳು ನೋಡ್ಕೊಳ್ತಿದ್ದಾಳೆ ಅಂತ."

"ಕೊಟ್ಬಿಡೇ!" ಅತ್ತಿಗೆ ಅವಳ ತೋಳು ಹಿಡಿದಳು. "ಈ ಒಂದು ಮಾತು ಕೇಳೋಕೆ ಜೀವ ತೇದನಲ್ಲೇ ಅವನು!"

ಅವಳು ಹೊದಿಕೆಯ ಕಡೆ ನೋಡಿದಳು.

*

ಕೊನೆಗೊನೆಗೆ ಅವನು ಊಟ ಬಿಟ್ಟಿದ್ದ. ಚಮಚ ತುಟಿಗೆ ತಾಗಿದರೆ ಸಾಕು, ಮುಖ ಗೋಡೆಗೆ ತಿರುಗುತ್ತಿತ್ತು. ತಟ್ಟೆ ಹಾಗೇ ಎತ್ತಿಕೊಂಡು ಬಂದವಳು ಅಡುಗೆಮನೆಯಲ್ಲಿ ಹೊಸ ನಳಿಕೆಗೆ ಉಪ್ಪುನೀರಿನ ಜೆಲ್ಲಿ ಕಾಯಿಸುತ್ತ ಕೂತಳು. ಅವನಾದರೆ ಆಹಾರದ ಪುಡಿಯನ್ನು ಚಿಟಿಕೆಯಷ್ಟೇ ಹಾಕುತ್ತಿದ್ದ. ಅವಳು ಚಮಚದ ತುಂಬ ಸುರಿದಳು.

"ನೀನಾದ್ರೂ ಹೊಟ್ಟೆ ತುಂಬ ತಿನ್ನು."

ತಂತಿಯ ಕುಣಿಕೆಯನ್ನು ಒಲೆಯ ಉರಿಯಲ್ಲಿ ಕಾಯಿಸಿ, ಆರಿಸಿ, ಹಳೆಯ ನಳಿಕೆಯಿಂದ ಮಗುವಿನ ಕೆನ್ನೆಯಂತೆ ಉಬ್ಬಿದ್ದ ಚುಕ್ಕೆಯನ್ನೇ ಎತ್ತಿ ದಾಟಿಸಿದಳು. ಮುಂದಿನ ಸಲವೂ ಹಾಗೆಯೇ. ದಾಟಿಸಿದ ಮೇಲೆ ಹಳೆಯದನ್ನು ಎಂದಿನಂತೆ ಕುದಿಸಿ ತೊಳೆದಳು. ತಪ್ಪು ಹೊಳೆಯುವಷ್ಟರಲ್ಲಿ ನಳಿಕೆಯಲ್ಲಿ ಉಳಿದದ್ದು ಬೆಳ್ಳನೆಯ ಪೊರೆ ಮಾತ್ರ. ದೇವರೇ, ಎಂದು ಕೂತಲ್ಲೇ ಕೂತಳು.

"ಇವಳೇ, ಬಣ್ಣ ಹೇಗಿದೆ?" ಒಳಗಿಂದ ದನಿ ಬಂತು. ಅವನ ಕಣ್ಣು ಆಗಲೇ ಮಂಜಾಗಿತ್ತು.

"ಗುಲಾಬಿ ರೀ. ಹಾಗೇ ಇದೆ."

ಅವನು ಕಣ್ಣು ಮುಚ್ಚಿ ನಕ್ಕ.

*

ಹೊರಗೆ ಶವದ ಗಾಡಿ ಬಂದು ನಿಂತಿತು. ಕುರ್ಚಿಗಳು ಸರಿದವು. ಮುಖ್ಯಸ್ಥೆ ಡಬ್ಬಿಯ ಮುಚ್ಚಳ ತೆಗೆದಳು. ತಣ್ಣನೆಯ ಹಬೆ ಹೊಗೆಯಂತೆ ಎದ್ದಿತು.

"ಒಂದ್ಸಲ ತೋರಿಸಿ ಅಮ್ಮಾ."

ಅವಳು ಬೆರಳು ಸಡಿಲಿಸಿದಳು. ಇಷ್ಟು ಹೊತ್ತು ಬಿಗಿದಿದ್ದ ಅಂಗೈ ಕೆಂಪೇರಿತ್ತು. ಆ ಕೆಂಪು ತೆಳು ಪೊರೆಯನ್ನೂ ಗಾಜನ್ನೂ ದಾಟಿ ಮೇಲಕ್ಕೆ ಬಂದಿತ್ತು.

"ಅಯ್ಯೋ, ಗುಲಾಬಿ! ಹಾಗೇ ಇದೆಯಲ್ಲಾ!" ಮುಖ್ಯಸ್ಥೆಯ ಕಣ್ಣು ತುಂಬಿತು. ಅವಳು ಕೈ ಚಾಚಿದಳು. "ಕೊಡಿ ಅಮ್ಮಾ. ಅವರ ಹೆಸರು ಉಳಿಯುತ್ತೆ."

ಹೆಂಡತಿಯ ಬೆರಳುಗಳು ಒಂದೊಂದಾಗಿ ನಳಿಕೆಯ ಮೇಲೆ ಮುಚ್ಚಿಕೊಂಡವು.

"ಕೊಡಲ್ಲ."